ಹಳ್ಳಕ್ಕೆ ಹೋದವನ ಪರಿಹಾರ

ಮೊಳಕೆ ಬಂದ ಹೆಸರುಕಾಳಿನ ಪಲ್ಯ ನಾನು ತಿನ್ನುವುದಿಲ್ಲ. ಬೀಗರ ಮನೆಯಲ್ಲಿ ಬಡಿಸಿದರೆ ಗ್ಯಾಸ್ ಆಗುತ್ತದೆಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತೇನೆ. ಮೊನ್ನೆ ನಮ್ಮ ಬೆಟಗೇರಿಯ ಮನೆಯಲ್ಲಿ ಮಗಳು ಅರಿವೆಯಲ್ಲಿ ಕಟ್ಟಿಟ್ಟಿದ್ದ ಕಾಳಿನ ಗಂಟು ಬಿಚ್ಚಿದಳು. ಹಸಿಯಾದ, ಸ್ವಲ್ಪ ಹುಳಿ ಬೆರೆತ ಆ ವಾಸನೆ ಪಡಸಾಲೆಯವರೆಗೆ ಬಂತು. ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ. ಪಕ್ಕದ ಮನೆಯ ಮಗ್ಗ ಸದ್ದು ಮಾಡುತ್ತಿತ್ತು. ಎಷ್ಟು ಹೊತ್ತು ಕೂತರೂ ಆ ವಾಸನೆ ಮೂಗಿನಿಂದ ಹೋಗಲಿಲ್ಲ. ಒಳಗಿನಿಂದ ಮಗಳು, "ಪ್ರೊಟೀನ್ ಇರ್ತೈತಿ ಅವ್ವಾ, ಒಂದ ತುತ್ತರ ತಿನ್ನು" ಎಂದಳು. ಅವಳಿಗೇನು ಗೊತ್ತು.

ನನ್ನದು ಹೆಬ್ಬೆಟ್ಟಿನ ಕೆಲಸ. ಬ್ಯಾಂಕು ಇಲ್ಲದ ಹಳ್ಳಿಗಳಲ್ಲಿ ಪಂಚಾಯ್ತಿ ಕಟ್ಟೆಯ ಮೇಲೆ ಸಣ್ಣದೊಂದು ಮಶಿನ್ ಇಟ್ಟುಕೊಂಡು ಕೂರುತ್ತೇನೆ. ಜನ ಬಂದು ಹೆಬ್ಬೆಟ್ಟು ಒತ್ತಿದರೆ ಅವರ ಖಾತೆಯ ಹಣ ಕೈಗೆ ಕೊಡುತ್ತೇನೆ. ಆ ವರ್ಷ ಶಿರಹಟ್ಟಿ ತಾಲೂಕಿನ ಹೊಳೆ ಕಡೆಯ ಒಂದು ಊರಿಗೆ ನನ್ನನ್ನು ಹಾಕಿದ್ದರು. ಅಲ್ಲಿಯ ಹುಡುಗಿ ಬಾಣಂತನಕ್ಕೆ ಹೋಗಿದ್ದಳು, ಅವಳ ಬದಲಿಗೆ ನಾನು. ಊರಿನ ಹೆಸರು ಬೇಡ. ಈ ಕತೆಯ ನೀಲವ್ವ ಇನ್ನೂ ಅಲ್ಲೇ ಇದ್ದಾಳೆ.

ಊರವರು ನನ್ನನ್ನು 'ಮಶಿನ್ ಅಕ್ಕಾರ' ಎನ್ನುತ್ತಿದ್ದರು. ಮಶಿನ್ನಿಗೆ ರೈತರ ಬೆರಳು ಕಂಡರೆ ಆಗದು. ಕಳೆ ತೆಗೆದು, ಹಗ್ಗ ಎಳೆದು ಸವೆದ ಬೆರಳನ್ನು ಅದು ಬೆರಳೆಂದೇ ಒಪ್ಪುವುದಿಲ್ಲ. ನಾನು ಒದ್ದೆ ಅರಿವೆಯಿಂದ ಒರೆಸಿ, ಊದಿ, ಒತ್ತಿಸಿ, ಮತ್ತೆ ಒತ್ತಿಸಿ, ಸಿಟ್ಟಾಗಿ ಬೈದು, ಕೊನೆಗೆ ನಾಳೆ ಬನ್ನಿ ಎನ್ನುತ್ತಿದ್ದೆ. ಫಕ್ಕೀರಪ್ಪನ ಬೆರಳೂ ಹಾಗೆಯೇ. ಮೂವತ್ತರ ಆಸುಪಾಸಿನ, ಕಪ್ಪಗೆ ಎತ್ತರದ ಆಳು. ಮಶಿನ್ ಒಪ್ಪದಿದ್ದಾಗ ಉಳಿದವರು ಮುಖ ಸಣ್ಣ ಮಾಡಿಕೊಂಡರೆ ಅವನು ನಗುತ್ತಿದ್ದ.

"ಅಕ್ಕಾರ, ಈ ಬಟ್ಟು ನಾ ಎರಿ ಹೊಲದಾಗ ಬಿತ್ತೇನ್ರಿ. ಇನ್ನೂ ಹುಟ್ಟಿಲ್ಲ. ತಡೀರಿ, ಹುಟ್ಟತೈತಿ."

ಹಣ ಬಂದ ದಿನ ಅವನು ಸುಮ್ಮನೆ ಮನೆಗೆ ಹೋಗುತ್ತಿರಲಿಲ್ಲ. ಬಸ್ ನಿಲ್ಲುವ ಕಡೆಯ ಹೋಟೆಲಿಗೆ ಹೋಗಿ ಒಂದು ಚಹಾ ಕುಡಿದು ಮಿರ್ಚಿ ತಿನ್ನುತ್ತಿದ್ದ. ನನಗೂ ಹಾಳೆಯಲ್ಲಿ ಸುತ್ತಿ ಎರಡು ಮಿರ್ಚಿ ಕಳಿಸುತ್ತಿದ್ದ. ಅವನ ತಾಯಿ ಈರವ್ವ ಅದಕ್ಕೇ ಬೈಯುತ್ತಿದ್ದಳು. ರೊಕ್ಕ ಕಂಡರೆ ಇವನ ನಾಲಿಗೆ ಮೊದಲು ಹೋಟೆಲಿಗೆ ಓಡುತ್ತದೆ ಎಂದು.

ಶ್ರಾವಣದಲ್ಲಿ ಹೆಸರುಕಾಯಿ ಬಿಡಿಸುವ ಹೊತ್ತಿಗೆ ಮಳೆ ಹಿಡಿಯಿತು. ಆ ವರ್ಷದ ಹೆಸರು ನೋಡಿದವರೆಲ್ಲ ಇಂಥ ಬೆಳೆ ಬಂದು ಬಹಳ ದಿನವಾಗಿತ್ತು ಎನ್ನುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಿಸಿಲು ಅನ್ನುವುದೇ ಮರೆತುಹೋಯಿತು. ಕಾಯಿ ಗಿಡದಲ್ಲೇ ನೆನೆದು, ಸಿಪ್ಪೆಯೊಳಗೇ ಕಾಳು ಮೊಳಕೆ ಒಡೆಯಿತು. ಬಸ್ಸಿನ ಕಿಟಕಿ ತೆರೆದರೆ ಲಕ್ಷ್ಮೇಶ್ವರದಿಂದ ಆ ಊರಿನವರೆಗೂ ಅದೊಂದೇ ವಾಸನೆ. ಮೊದಮೊದಲು ಅಡುಗೆಮನೆಯ ವಾಸನೆಯಂತಿತ್ತು. ನಂತರ ಅದೇ ಕೊಳೆಯತೊಡಗಿತು.

ಅಂಥ ಒಂದು ಮಧ್ಯಾಹ್ನ ಫಕ್ಕೀರಪ್ಪ ಹಳ್ಳದ ದಂಡೆಯ ಮೇಲಿದ್ದ ಪಂಪ್‌ಸೆಟ್ ಎತ್ತಿ ತರಲು ಹೋದ. ಮೊಬೈಲು ತೊಯ್ದೀತೆಂದು ಹಾಲಿನ ಪಾಕೀಟಿನಲ್ಲಿ ಸುತ್ತಿ ಗೋಡೆಯ ಮಾಡದಲ್ಲಿ ಇಟ್ಟು ಹೋಗಿದ್ದ. ಈರವ್ವ ಜೊತೆಗೆ ಹೋಗಿ ದಂಡೆಯ ಮೇಲೆ ನಿಂತಿದ್ದಳು. ಮೇಲೆಲ್ಲೋ ಬಿದ್ದ ಮಳೆಯ ನೀರು ಒಮ್ಮೆಲೇ ಬಂತು. ಪಂಪ್‌ಸೆಟ್ಟು ಮುಂದೆ ಜಾಲಿಯ ಕಂಟಿಯಲ್ಲಿ ಸಿಕ್ಕಿಕೊಂಡು ಉಳಿಯಿತು. ಅವನು ಸಿಗಲಿಲ್ಲ. ಹಳ್ಳ ಹೊಳೆ ಸೇರುವ ತನಕ ಊರವರು ಹುಡುಕಿದರು. ದೋಣಿಯವರು ಹಮ್ಮಿಗಿ ಬ್ಯಾರೇಜಿನ ಗೇಟಿನವರೆಗೆ ಹೋಗಿ ಬಂದರು. ನೀರು ಇಳಿದ ಮೇಲೆ ಕೆಸರು ಕೆದರಿ ನೋಡಿದರು. ಹೆಣ ಸಿಗದೆ ಮಣ್ಣು ಕೊಡುವುದು ಹೇಗೆ? ಸೂತಕ ಹಿಡಿಯಬೇಕೋ ಬೇಡವೋ ಎಂದು ಹಿರಿಯರಿಗೂ ತಿಳಿಯಲಿಲ್ಲ. ನೆಂಟರು ಬಂದರು, ಅಂಗಳದಲ್ಲಿ ಕೂತರು, ಅಳಬೇಕೋ ಧೈರ್ಯ ಹೇಳಬೇಕೋ ಗೊತ್ತಾಗದೆ ಎದ್ದು ಹೋದರು.

ಬೆಳೆ ಹಾನಿಯ ಸರ್ವೆಗೆ ಬಂದವರು ಹೊರ ಊರಿನವರು. ಆ ಮನೆಯ ಹೊಲದ ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಹೊಲ ಯಾರದು ಎಂದು ಕೇಳಿದರಂತೆ. ಈರವ್ವ ಮಗನ ಹೆಸರು ಹೇಳಿದಳು. ಅವನೆಲ್ಲಿ ಎಂದರು.

"ಹೊರಗ ಹೋಗ್ಯಾನ್ರಿ. ಬರ್ತಾನ."

ಅವರಿಗೆ ಇನ್ನೂ ಎಷ್ಟೋ ಹೊಲ ನೋಡುವುದಿತ್ತು. ಬರೆದುಕೊಂಡು ಹೋದರು. ನೀಲವ್ವ, ಅಂದರೆ ಫಕ್ಕೀರಪ್ಪನ ಹೆಂಡತಿ, ಪಕ್ಕದಲ್ಲೇ ನಿಂತಿದ್ದಳು. ಅತ್ತೆಯ ಮಾತು ತಿದ್ದಲು ಬಾಯಿ ಬರಲಿಲ್ಲ ಎಂದು ಆಮೇಲೆ ನನಗೆ ಹೇಳಿದಳು.

ದಸರೆಗೆ ಎರಡು ವಾರ ಮೊದಲೇ ಪರಿಹಾರದ ಹಣ ಬರತೊಡಗಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತು ನಮ್ಮ ಕಡೆ ಇಂಥದಕ್ಕೇ ಇದೆ. ಆದರೆ ಆ ಸಲ ಹಣ ನೇರವಾಗಿ ಅವರವರ ಖಾತೆಗೆ ಬಂತು. ಕಟ್ಟೆಯ ಮುಂದೆ ಜಾತ್ರೆಯಂತೆ ಜನ. ಹಿಂಗಾರಿ ಕಡ್ಲಿ ಬಿತ್ತಲು ಎಲ್ಲರಿಗೂ ಅವಸರ, ಭೂಮಿಯ ಹಸಿ ಆರುವುದರೊಳಗೆ ಬೀಜ ಬೀಳಬೇಕು. ಆ ಗದ್ದಲದಲ್ಲಿ ಈರವ್ವ ಸರದಿಯಲ್ಲಿ ನಿಂತು ನನ್ನ ಮುಂದೆ ಬಂದಳು. ಸೆರಗಿನ ಗಂಟಿನಿಂದ ಮೊಬೈಲು ತೆಗೆದು ಇಟ್ಟಳು. ಹಾಲಿನ ಪಾಕೀಟಿನ ಸುತ್ತು ಹಾಗೇ ಇತ್ತು.

"ಏನೋ ಟಣ್ ಅಂದೈತಿ ನೋಡವ್ವಾ."

ಓದಿದೆ. ಫಕ್ಕೀರಪ್ಪನ ಖಾತೆಗೆ ಪರಿಹಾರ ಜಮೆಯಾಗಿತ್ತು. ಹೇಳಿದೆ. ಅವಳ ಮುಖದ ಮೇಲೆ ಬಂದ ಬೆಳಕು ಕಂಡು ನನಗೆ ಹೆದರಿಕೆಯಾಯಿತು.

"ಸರಕಾರಕ್ಕ ಗೊತ್ತೈತಿ ಹಂಗಾರ" ಎಂದಳು. "ಇಲ್ದವ್ರ ಹೆಸರಿಲೆ ಯಾರ ರೊಕ್ಕ ಹಾಕ್ತಾರ?"

ಮರುವಾರ ಸಂತೆಯ ದಿನ ಮತ್ತೆ ಬಂದಳು. ಹಣ ತೆಗೆಯಲು ಅಲ್ಲ. ಮೊಬೈಲು ಮುಂದಿಟ್ಟು, "ತಗದಾನೇನವ್ವಾ?" ಎಂದು ಕೇಳಿದಳು. ಯಾರು ಎಂದೆ, ತಿಳಿಯದೆ.

"ಫಕ್ಕೀರಪ್ಪ. ಎಲ್ಲೆರ ಇದ್ರ ಹೊಟ್ಟಿ ಹಸೀತೈತಿ. ಹಸದ್ರ ರೊಕ್ಕ ತಗೀತಾನ. ಈ ಮಶಿನ್ ಎಲ್ಲಾ ಊರಾಗ ಇರತೈತಂತಲ್ಲ?"

ಇರುತ್ತದೆ. ಗದಗಿನಲ್ಲಿ ಒತ್ತಿದರೂ ಬರುತ್ತದೆ, ಗೋವಾದಲ್ಲಿ ಒತ್ತಿದರೂ ಬರುತ್ತದೆ ಎಂದು ಊರವರಿಗೆ ಹೇಳಿಕೊಟ್ಟವಳು ನಾನೇ. ಅವನ ನಂಬರಿನಿಂದ ಬ್ಯಾಂಕಿಗೆ ಮಿಸ್ ಕಾಲ್ ಕೊಟ್ಟರೆ ಎಷ್ಟು ಉಳಿದಿದೆ ಎಂದು ಮೆಸೇಜು ಬರುತ್ತದೆ. ಕೊಟ್ಟೆ. ಬಂತು. "ಇಲ್ಲ ಆಯಿ, ಹಂಗ ಐತಿ" ಎಂದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಇನ್ನೂ ದೂರದಲ್ಲಿ ಇದ್ದಾನೆ ಎಂಬಂತೆ ತಲೆಯಾಡಿಸಿ ಪಾಕೀಟಿನಲ್ಲಿ ಮೊಬೈಲು ಸುತ್ತಿಕೊಂಡು ಹೋದಳು.

ನೀಲವ್ವ ಬಂದದ್ದು ಬೇರೆ ಹೊತ್ತಿಗೆ, ಜನ ಕರಗಿದ ಮೇಲೆ. ಸಣ್ಣ ದನಿಯ, ಖಡಕ್ ಮಾತಿನ ಹೆಣ್ಣುಮಗಳು. ಒಂದು ಕೂಸು ಕಂಕುಳಲ್ಲಿತ್ತು.

"ಅಕ್ಕಾರ, ಅವರ ಬಟ್ಟ ಇಲ್ದ ಆ ರೊಕ್ಕ ತಗ್ಯಾಕ ಏನರ ದಾರಿ ಐತೇನ್ರಿ? ಎಲ್ಲಾರೂ ಕಡ್ಲಿ ಬಿತ್ತಾಕತ್ತಾರ. ನಮ್ಮ ಹೊಲ ಬಾಯಿ ತಕ್ಕೊಂಡ ಕುಂತೈತಿ."

ಇಲ್ಲ ಎಂದೆ. ಅವನ ಬೆರಳು ಬೇಕು. ಇಲ್ಲವಾದರೆ ಅವನು ಸತ್ತ ದಾಖಲೆ ಬೇಕು. ಅದಕ್ಕಾಗಿ ಅವಳು ಆಗಲೇ ಅಣ್ಣನನ್ನು ಕರೆದುಕೊಂಡು ಶಿರಹಟ್ಟಿಗೆ ಹೋಗಿ ಬಂದಿದ್ದಳು. ನೀರಿನಲ್ಲಿ ಹೋದವರ ಮನೆಗೆ ಬೇರೆ ಪರಿಹಾರವೂ ಇದೆ ಎಂದು ಕಚೇರಿಯವರು ಹೇಳಿದ್ದರು. ಆದರೆ ಹೆಣವಿಲ್ಲ. ಹಾಗಾಗಿ ಕಣ್ಣಾರೆ ಕಂಡವರು ಬಂದು ಹೇಳಿಕೆ ಕೊಡಬೇಕು. ಕಂಡವಳು ಒಬ್ಬಳೇ, ಈರವ್ವ.

ಊರಿನ ಕಂದಾಯದ ಲೆಕ್ಕ ನೋಡುವ ತಲಾಟಿ ಮನೆಗೇ ಬಂದು ಕೇಳಿದಾಗ ಈರವ್ವ ಹೇಳಿದ್ದು ಇಷ್ಟು. "ಅಂವಾ ನೀರಾಗ ಇಳದದ್ದ ನಾ ಕಂಡೇನ್ರಿ. ಮುಣಗಿದ್ದ ಕಂಡಿಲ್ಲ. ಕಾಣದ್ದ ಹೆಂಗ ಹೇಳಲಿ?"

ತಲಾಟಿ ಒಳ್ಳೆಯ ಮನುಷ್ಯ. ಬಹಳ ಹೊತ್ತು ಕೂತು ಎದ್ದು ಹೋದನಂತೆ. ಒಂದು ಹಣಕ್ಕೆ ಫಕ್ಕೀರಪ್ಪ ಬದುಕಿರಬೇಕಿತ್ತು, ಇನ್ನೊಂದಕ್ಕೆ ಸತ್ತಿರಬೇಕಿತ್ತು. ಅವನು ಎರಡೂ ಆಗದೆ ಆ ಮನೆಯ ಹೊಸ್ತಿಲ ಮೇಲೆ ನಿಂತುಬಿಟ್ಟಿದ್ದ. ನನಗೆ ಸಂಜೆ ಬಸ್ಸಿನಲ್ಲಿ ಬರುವಾಗ ಹಳ್ಳದ ಸೇತುವೆ ಬಂದರೆ ಕಿಟಕಿಯ ಕಡೆ ನೋಡಲು ಆಗುತ್ತಿರಲಿಲ್ಲ. ಯಾರೋ ಎತ್ತರದವರು ದಂಡೆಯಲ್ಲಿ ನಿಂತಂತೆ ಅನಿಸುತ್ತಿತ್ತು. ನೋಡಿದರೆ ಜಾಲಿಯ ಗಿಡ.

"ಬಳಿ ಒಡದ್ರ ರೊಕ್ಕ ಬರತೈತ್ರಿ" ಎಂದಳು ನೀಲವ್ವ ಒಂದು ದಿನ, ನನ್ನ ಕಡೆ ನೋಡದೆ. "ಒಡ್ಯಾಕ ನಾ ತಯಾರದೇನಿ. ಕೂಸಿನ ಮಾರಿ ನೋಡಿ ಒಡಕೋತೇನಿ. ಆದ್ರ ಒಡಿ ಅನ್ನಾವ್ರು ಅನ್ನವಲ್ಲರು."

ಸೀಗಿ ಹುಣ್ಣಿಮೆ ಬಂತು. ನಮ್ಮ ಕಡೆ ಅಂದು ಭೂಮಿತಾಯಿ ಬಸುರಿ ಎಂದು ಹೊಲಕ್ಕೆ ಬುತ್ತಿ ಒಯ್ದು, ಬೆಳೆಗೆ ಚರಗ ಚೆಲ್ಲಿ, ಅಂದರೆ ನೈವೇದ್ಯದ ಅನ್ನ ಎರಚಿ, ಉಣ್ಣುತ್ತಾರೆ. ಊರೆಲ್ಲ ಹೊಲಗಳಿಗೆ ಹೋಯಿತು. ಈರವ್ವನೂ ಕಡುಬು ಮಾಡಿ ಬುತ್ತಿ ಕಟ್ಟಿದಳು. ಕೊಳೆತ ಹೆಸರು ಹರಗಿ ಬೆತ್ತಲಾಗಿ ಬಿದ್ದಿದ್ದ ಹೊಲದ ಸುತ್ತ ಚರಗ ಚೆಲ್ಲಿ, ಉಳಿದ ಅನ್ನವನ್ನು ಹಳ್ಳದ ದಂಡೆಯವರೆಗೆ ಒಯ್ದು ಇಟ್ಟು ಬಂದಳು. ಬಂಜೆ ನೆಲಕ್ಕೆ ಸೀಮಂತ ಮಾಡಿದಂತೆ ಆಯಿತು ಎಂದು ಯಾರೋ ಅಂದರು. ಅಂದವರಿಗೆ ಆ ದಿನ ಊಟ ಸೇರಲಿಲ್ಲವಂತೆ.

ಹುಣ್ಣಿಮೆ ಕಳೆದ ಮೇಲೆ ಈರವ್ವನ ತಮ್ಮ ಮುಂಡರಗಿಯಿಂದ ಬಂದು ಅಕ್ಕನ ಕಾಲ ಬಳಿ ಕೂತ. ಮೊಮ್ಮಗಳ ಮೇಲೆ ಆಣೆ ಹಾಕಿಸಿದ. ಹೊಲ ಬೀಳು ಬಿದ್ದರೆ ಫಕ್ಕೀರಪ್ಪ ಬಂದಾಗ ಏನು ಹೇಳುತ್ತೀ ಎಂದು ಕೇಳಿದ. ಆ ಮಾತಿಗೆ ಅವಳು ಬಗ್ಗಿದಳು. ಸಂತೆಯ ದಿನ ಮಾಮೂಲಿನಂತೆ ನನ್ನ ಮುಂದೆ ಬಂದಾಗ ದನಿ ಕುಗ್ಗಿತ್ತು.

"ಇವತ್ತೊಂದ ಸಲ ನೋಡಿ ಬಿಡವ್ವಾ. ನಾಳಿ ಶಿರಹಟ್ಟಿಗೆ ಹೋಗಿ ಹೇಳಿ ಬರ್ತೇನಿ. ಮುಣಗಿದ್ದ ಕಂಡೇನಿ ಅಂತೇನಿ."

ನನಗೆ ಸಮಾಧಾನವಾಯಿತು. ಮೊಬೈಲು ತೆಗೆದೆ. ಮಿಸ್ ಕಾಲ್ ಕೊಡುವ ಮೊದಲೇ ಒಂದು ಹೊಸ ಮೆಸೇಜು ಕಾಣಿಸಿತು. ಖಾತೆಯಿಂದ ಹಣ ಕಡಿತವಾಗಿತ್ತು. ಇಪ್ಪತ್ತು ರೂಪಾಯಿಯೊಳಗಿನ ಮೊತ್ತ. ಬ್ಯಾಂಕಿನವರು ಮೆಸೇಜು ಕಳಿಸುವ ಖರ್ಚೆಂದು ಎಲ್ಲರ ಖಾತೆಯಿಂದಲೂ ಮುರಿದುಕೊಳ್ಳುವಂಥದ್ದು. ನನ್ನ ಮುಖ ನೋಡಿಯೇ ಮುದುಕಿಗೆ ತಿಳಿಯಿತು.

"ಕಮ್ಮಿ ಆಗೇತಿ?"

"ಆಯಿ, ಅದು ಬ್ಯಾಂಕಿನವ್ರು ಹಿಡಕೊಂಡಿದ್ದು. ಎಲ್ಲಾರದೂ ಹಿಡಕೋತಾರ. ನಂದೂ ಹಿಡಕೊಂಡಾರ."

"ಎಷ್ಟ?"

ಹೇಳಿದೆ. ಈರವ್ವ ಕಟ್ಟೆಯ ಅಂಚು ಹಿಡಿದುಕೊಂಡು ಮೆಲ್ಲಗೆ ಕೂತಳು. ಅಳುತ್ತಾಳೆ ಎಂದುಕೊಂಡೆ, ಆದರೆ ಅವಳು ನಕ್ಕಳು.

"ಚಾ ಕುಡದು ಮಿರ್ಚಿ ತಿಂದಾನ" ಎಂದಳು. "ಬದ್ಮಾಶ. ಅಲ್ಲೂ ಅದ ಚಟ."

"ಆಯಿ, ಖರೇನ ಅದು ಬ್ಯಾಂಕಿನವ್ರು..."

"ಅಷ್ಟ ದೊಡ್ಡ ಬ್ಯಾಂಕಿಗೆ ಚಾ ಕುಡ್ಯಾಕ ನನ್ನ ಮಗನ ರೊಕ್ಕನ ಬೇಕಾತೇನವ್ವಾ?"

ಅವಳು ಎದ್ದು, ಸೆರಗು ಕೊಡವಿ, ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತ ಹೋದಳು. ಶಿರಹಟ್ಟಿಗೆ ಹೋಗುವ ಮಾತು ಅಲ್ಲಿಗೆ ಮುಗಿಯಿತು.

ಮರುದಿನ ನೀಲವ್ವ ಬಂದು ನನ್ನ ಮೇಲೆ ಹರಿಹಾಯ್ದಳು. "ಏನೂ ಕಮ್ಮಿ ಆಗಿಲ್ಲಂತ ಒಂದ ಸುಳ್ಳ ಹೇಳಿದ್ರ ನಿಮ್ಮ ಗಂಟ ಹೋಗತಿತ್ತೇನ್ರಿ? ಒಂದ ದಿನ. ಒಂದ ದಿನ ತಡದಿದ್ರ ಎಲ್ಲಾ ಆಗತಿತ್ತು. ಬ್ಯಾಂಕಿನವ್ರು ಮುರಕೊಂಡಾರಂತ ನನಗ ಗೊತ್ತಿಲ್ಲೇನ್ರಿ? ಸತ್ತಾವ್ರು ಚಾ ಕುಡ್ಯಂಗಿಲ್ರಿ ಅಕ್ಕಾರ."

ಹೇಳಿ, ಕಟ್ಟೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಹೋದ ಮೇಲೆ ಅವಳು ಬಾಯಿ ಬಿಟ್ಟು ಅತ್ತದ್ದು ಅದೇ ಮೊದಲು ಎಂದು ಪಂಚಾಯ್ತಿಯ ಜವಾನ ಆಮೇಲೆ ಹೇಳಿದ. ನನಗೂ ಅಳು ಬಂತು. ಮಶಿನ್ ಮೇಲೆ ಅರಿವೆ ಮುಚ್ಚಿ ಅವಳ ಬೆನ್ನು ಸವರುತ್ತ ಕೂತೆ. ಸರದಿಯಲ್ಲಿ ನಿಂತಿದ್ದ ಗಂಡಸರು ಅತ್ತ ಮುಖ ತಿರುಗಿಸಿ ನಿಂತರು.

ಕೊನೆಗೆ ಆ ಹೊಲ ಬಿತ್ತಿದ್ದು ಓಣಿಯವರು, ಮುಯ್ಯಿಗೆ. ಹೀಗೆ ಒಬ್ಬರ ಹೊಲಕ್ಕೆ ಎಲ್ಲರೂ ಕೂಡಿ ದುಡಿಯುವುದು, ಮುಂದೆ ಅವರು ಬಂದು ಇವರಿಗೆ ದುಡಿಯುವುದು ಅಲ್ಲಿ ಇನ್ನೂ ಉಳಿದಿದೆ. ಬೀಜ ನೀಲವ್ವನ ತವರಿನಿಂದ ಬಂತು. ಅಂದು ಸರ್ವರ್ ಇಲ್ಲದೆ ಕೆಲಸ ನಿಂತಿತ್ತು, ನಾನೂ ಹೋಗಿ ಬದುವಿನ ಮೇಲೆ ನಿಂತೆ. ಎತ್ತು ಹೂಡಿ ಕೂರಿಗೆಗೆ ಪೂಜೆ ಮಾಡಿದರು. ಮೊದಲ ಹಿಡಿ ಬೀಜ ಕೂರಿಗೆಗೆ ಹಾಕಬೇಕಾದವಳು ಮುತ್ತೈದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀಲವ್ವ ತಾನಾಗಿಯೇ ಎರಡು ಹೆಜ್ಜೆ ಹಿಂದೆ ಸರಿದಳು. ಈರವ್ವ ಅವಳ ರಟ್ಟೆ ಹಿಡಿದು ಮುಂದೆ ತಂದು ನಿಲ್ಲಿಸಿದಳು. ತನ್ನ ಕೈಯಾರೆ ಅವಳ ಹಣೆಗೆ ಕುಂಕುಮ ತೀಡಿದಳು.

"ಮುತ್ತೈದಿ ಅದಾಳ. ಅಕಿನ ಹಾಕ್ತಾಳ" ಎಂದಳು, ಎಲ್ಲರಿಗೂ ಕೇಳುವಂತೆ.

ನೀಲವ್ವನ ಮುಷ್ಟಿ ಕೂರಿಗೆಯ ಬಟ್ಟಲಿನ ಮೇಲೆ ಬಹಳ ಹೊತ್ತು ನಿಂತಿತು. ಬಳೆಗಳು ಸದ್ದು ಮಾಡುತ್ತಿದ್ದವು. ಆಮೇಲೆ ಮುಷ್ಟಿ ಬಿಚ್ಚಿದಳು. ಎತ್ತುಗಳು ನಡೆದವು. ಆ ದಿನ ಅವಳಲ್ಲಿ ಏನೋ ಬದಲಾಯಿತು ಎಂದು ಈಗ ನನಗೆ ಅನಿಸುತ್ತದೆ. ಆಗ ಬಿಸಿಲು ಬಿತ್ತಲ್ಲ ಎಂಬ ಸಂತೋಷದಲ್ಲಿ ನಾನು ಅದನ್ನು ಗಮನಿಸಲಿಲ್ಲ.

ಸಂಕ್ರಾಂತಿಯ ಮುಂದೆ ಬಾಣಂತಿ ಕೂಸು ಎತ್ತಿಕೊಂಡು ಕೆಲಸಕ್ಕೆ ಮರಳಿದಳು. ನಾನು ಮಶಿನ್ ಎತ್ತಿಕೊಂಡು ಬೇರೆ ಊರಿಗೆ ಹೋದೆ. ಹೊರಡುವ ದಿನ ಈರವ್ವ ಸುಲಗಾಯಿ ಕಟ್ಟಿಕೊಟ್ಟಳು, ಅದೇ ಹೊಲದ ಹಸಿ ಕಡ್ಲಿ. "ಎಲ್ಲೆರ ಅಂವಾ ಬಟ್ಟ ಒತ್ತಾಕ ಬಂದ್ರ ಹೇಳವ್ವಾ, ಮನಿಗೆ ಬಾ ಅಂದಾಳಂತ" ಎಂದಳು. ಅಂದಿನಿಂದ ಯಾವ ಊರಿನಲ್ಲೇ ಆಗಲಿ, ಕಪ್ಪಗೆ ಎತ್ತರದ ಆಳು ಮಶಿನ್ ಮುಂದೆ ಕೈ ಚಾಚಿದರೆ ಮೊದಲು ಮುಖ ನೋಡುತ್ತೇನೆ. ಇದು ಹುಚ್ಚು ಎಂದು ನನಗೂ ಗೊತ್ತಿದೆ.

ಈ ವರ್ಷದ ಮಳೆಯಲ್ಲಿ ಒಂದು ದಿನ ಆ ದಾರಿಯಲ್ಲಿ ಹೋಗುವಾಗ ಸೇತುವೆಯ ಮೇಲೆ ನೀರು ಬಂತು. ಬಸ್ಸು ಆ ಊರಿನಲ್ಲೇ ನಿಂತಿತು. ಮತ್ತೆ ಹೆಸರು ಬಿಡಿಸುವ ಕಾಲ, ಮತ್ತೆ ಅದೇ ವಾಸನೆ. ಹೋಟೆಲಿನ ತಗಡಿನ ಕೆಳಗೆ ನಿಂತಿದ್ದಾಗ ನೀಲವ್ವ ಚೀಲ ಹೊದ್ದುಕೊಂಡು ಬಂದಳು. ಯಾರೋ ಹೇಳಿದ್ದರಂತೆ, ಮಶಿನ್ ಅಕ್ಕಾರ ಬಂದಿದ್ದಾರೆ ಎಂದು. ಕೈತುಂಬ ಹಸಿರು ಬಳೆ. ಈರವ್ವ ಬೇಸಿಗೆಯಲ್ಲಿ ತೀರಿಕೊಂಡಳು ಎಂದಳು. ಎರಡು ದಿನದ ಜ್ವರ ಸಾಕಾಯಿತಂತೆ.

ಮುದುಕಿಗಾಗಿ ಮರುಗಿದೆ. ಆಮೇಲೆ, ಕೇಳಬಾರದಿತ್ತೇನೋ, ಕೇಳಿಯೇ ಬಿಟ್ಟೆ. "ಈಗರ ಶಿರಹಟ್ಟಿಗೆ ಹೋಗಿ ಬಂದ್ಯೇನು ತಂಗಿ?"

"ತಲಾಟಿ ದಾರಿ ಐತಿ ಅಂತಾರ್ರಿ. ಕಂಡಾವ್ರು ತೀರಿಕೊಂಡಾರಲ್ರಿ, ನಾ ಹೇಳಿಕಿ ಕೊಟ್ರ ಸಾಕಂತ."

"ಮತ್ತ?"

ಅವಳು ಹಳ್ಳದ ಕಡೆ ನೋಡುತ್ತಿದ್ದಳು. ನೀರು ಕೆಂಪಗೆ, ಅವಸರದಲ್ಲಿ ಹೋಗುತ್ತಿತ್ತು.

"ನಮ್ಮತ್ತಿ ಇದ್ದಾಗ ಅವರು ಕಾಯತಿದ್ರು. ಹಂಗಂತ ನಾ ಧೈರ್ಯಾ ಮಾಡಿ ಸತ್ತಾರ ಸತ್ತಾರ ಅಂತಿದ್ದೆ. ಈಗ ನಾನೂ ಹೋಗಿ ಹಂಗ ಬರಸಿ ಬಂದ್ನೆಂದ್ರ, ಅವರಿಗೆ ಕಾಯಾವ್ರು ಯಾರ ಉಳೀತಾರ್ರಿ?"

ಹೇಳುತ್ತಲೇ ಸೆರಗಿನ ಗಂಟು ಬಿಚ್ಚಿದಳು. ಮೊಬೈಲು. ಹಾಲಿನ ಪಾಕೀಟು ಹೊಸದು. ಕೂಲಿಯ ಹಣದಲ್ಲಿ ಅದಕ್ಕೆ ತಪ್ಪದೆ ರೀಚಾರ್ಜ್ ಹಾಕಿಸುತ್ತಾಳೆ. ಓದಲು ಅವಳಿಗೆ ಬರುತ್ತದೆ, ಏಳನೇ ಇಯತ್ತೆಯವರೆಗೆ ಶಾಲೆಗೆ ಹೋದವಳು. ಆದರೂ ನನ್ನ ಕೈಗೆ ಕೊಟ್ಟಳು.

"ನೀವ ನೋಡ್ರಿ ಅಕ್ಕಾರ. ತಗದಾರೇನು?"

ನೋಡಿದೆ. ಕಳೆದ ವಾರದ ಮೆಸೇಜು. ಖಾತೆಯಿಂದ ಕಡಿತ, ಹಿಂದಿನ ಸಲಕ್ಕಿಂತ ಚಿಕ್ಕ ಮೊತ್ತ. ಬ್ಯಾಂಕಿನವರದೇ. ನಾಲಿಗೆಯ ತುದಿಗೆ ಅದೇ ಮಾತು ಬಂತು. ತಲೆಯೆತ್ತಿದೆ. ನೀಲವ್ವನ ಮುಖದಲ್ಲಿ ಈರವ್ವನ ಮುಖದ ಅದೇ ಬೆಳಕು ಇತ್ತು.

"ಹೂಂ" ಎಂದೆ. "ಚಾ ಕುಡದಾನ."

ಅವಳು ಮೊಬೈಲು ಇಸಿದುಕೊಂಡು ಸೆರಗಿನಿಂದ ಒರೆಸಿದಳು. ಪಾಕೀಟಿನಲ್ಲಿ ಸುತ್ತಿ ಗಂಟು ಹಾಕಿಕೊಂಡಳು. ಮಳೆಯೊಳಗೆ ಕಾಲಿಟ್ಟವಳು ಏನೋ ನೆನಪಾದಂತೆ ತಿರುಗಿ ನಿಂತಳು.

"ಮಿರ್ಚಿ ತಿಂದಿಲ್ಲೇನ್ರಿ?" ಎಂದು ಕೇಳಿದಳು.